ಕಾರಿನ ಮೇಲೆ ಮರದ ಅಂಟು: ಉಜ್ಜೋಕೆ ಮುಂಚೆ ಯಾವ ಮರ ಅಂತ ನೋಡಿ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ಅಂಗಳದಲ್ಲಿ ಹಲಸು, ಮಾವು ಎರಡೂ ಇದೆ, ನೆರಳಿಗೆ ಅಂತ ಕಾರು ಅದರ ಕೆಳಗೇ ನಿಲ್ಲಿಸ್ತೀವಿ. ಮೇ ತಿಂಗಳಲ್ಲಿ ಮಗಳ ಮನೆಗೆ ಹೋಗಿ ವಾಪಸ್ ಬಂದು ನೋಡಿದ್ರೆ ಬಾನೆಟ್ ಮೇಲೆ, ರೂಫ್ ಮೇಲೆ ಎಲ್ಲಾ ಕಂದು ಬಣ್ಣದ ಗಟ್ಟಿ ಹನಿ, ಕೆಲವು ಕಡೆ ಬಿಳಿ ಅಂಟು. ಶಾಂಪೂ ಹಾಕಿ ತೊಳೆದ್ರೂ ಹೋಗ್ಲಿಲ್ಲ. ಪಕ್ಕದ ಮನೆಯವರು ಥಿನ್ನರ್ ಹಾಕಿ ಒರೆಸಿ ಅಂತಾರೆ, ತಮ್ಮ ಬ್ಲೇಡಲ್ಲಿ ಕೆರೀತೀನಿ ಅಂತಾನೆ. ಏನ್ ಮಾಡ್ಲಿ?

ಉತ್ತರ: ದಯವಿಟ್ಟು ಎರಡೂ ಬೇಡಮ್ಮ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತೆ, ಹೊಳಪೆಲ್ಲಾ ಅದರದ್ದೇ, ದಪ್ಪ ಮಾತ್ರ ಸುಮಾರು 40ರಿಂದ 50 ಮೈಕ್ರಾನ್, ಅಂದ್ರೆ ತಲೆಕೂದಲಿಗಿಂತ ತೆಳು. ಬ್ಲೇಡ್ ಒಂದು ಸಲ ಓರೆಯಾದ್ರೆ ಆ ಪದರ ಹೋಯ್ತು ಅಂತಾನೇ ಲೆಕ್ಕ, ಥಿನ್ನರ್ ಅಂಟನ್ನ ಕರಗಿಸೋ ಹಾಗೇ ಪೇಂಟನ್ನೂ ಮೆತ್ತಗೆ ಮಾಡಬಹುದು, ಅದರಲ್ಲೂ ಗ್ಯಾರೇಜಲ್ಲಿ ಯಾವತ್ತೋ ರೀಪೇಂಟ್ ಮಾಡಿಸಿದ ಡೋರ್, ಬಂಪರ್ ಇದ್ರೆ ಇನ್ನೂ ಬೇಗ ಹಾಳಾಗುತ್ತೆ.

ಮೊದಲು ಯಾವುದು ಯಾವ ಮರದ್ದು ಅಂತ ಬೇರೆ ಮಾಡ್ಕೊಳ್ಳಿ, ಯಾಕಂದ್ರೆ ಎಲ್ಲಾ ಅಂಟಿಗೂ ಒಂದೇ ಮದ್ದು ನಡೆಯಲ್ಲ. ಆ ಬಿಳಿ ಅಂಟು ಹಲಸಿನ ಮೇಣ. ಅದು ರಬ್ಬರ್ ಥರದ್ದು, ನೀರಿಗೆ ಜಗ್ಗಲ್ಲ, ಎಣ್ಣೆಗೆ ಬಿಡುತ್ತೆ. ಹಲಸಿನ ಹಣ್ಣು ಬಿಡಿಸೋಕೆ ಮುಂಚೆ ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರ್ಕೊಳ್ಳೋದು ನಿಮಗೆ ನಾನು ಹೇಳಬೇಕಾಗಿಲ್ಲ, ಕಾರಿಗೂ ಅದೇ ಎಣ್ಣೆ ಸಾಕು.

ಬೆಳಿಗ್ಗೆ ಕಾರು ತಣ್ಣಗಿರುವಾಗ ಶುರು ಮಾಡಿ, ಬಿಸಿಲಲ್ಲಿ ಕಾದ ಬಾನೆಟ್ ಮೇಲೆ ಏನೂ ಹಚ್ಚಬೇಡಿ. ಮೊದಲು ಚೆನ್ನಾಗಿ ನೀರು ಬಿಟ್ಟು ಶಾಂಪೂ ಹಾಕಿ ಧೂಳು ಪೂರ್ತಿ ತೆಗೀರಿ. ಇದನ್ನ ಬಿಟ್ಟು ನೇರ ಉಜ್ಜೋಕೆ ಹೋದ್ರೆ ಅಂಟಿಗಿಂತ ಆ ಧೂಳಿನ ಗೀರೇ ಜಾಸ್ತಿ ಆಗುತ್ತೆ. ಆಮೇಲೆ ಮೇಣ ಇರೋ ಕಡೆ ಎಣ್ಣೆ ಹಚ್ಚಿ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ, ಮೈಕ್ರೋಫೈಬರ್ ಬಟ್ಟೇಲಿ ಮೆಲ್ಲಗೆ ಒತ್ತಿ ಎತ್ತಿ, ಒಂದೇ ಸಲಕ್ಕೆ ಬರ್ದಿದ್ರೆ ಮತ್ತೆ ಎಣ್ಣೆ ಹಚ್ಚಿ, ಜೋರು ಮಾತ್ರ ಮಾಡ್ಬೇಡಿ. ಕೊನೇಲಿ ಇನ್ನೊಂದು ಸಲ ಶಾಂಪೂ ಹಾಕಿ, ಇಲ್ಲಾಂದ್ರೆ ಎಣ್ಣೆ ಜಿಡ್ಡಿಗೆ ಊರ ಧೂಳೆಲ್ಲಾ ಬಂದು ಕೂರುತ್ತೆ.

ಕಂದು ಹನಿ ಮಾವಿನ ಸೊನೆ ಇರ್ಬೇಕು. ತೊಟ್ಟು ಮುರಿದಾಗ ಚಿಮ್ಮೋ ಸೊನೆ ತಾಗಿದ ಕಡೆ ಕಾಯಿನ ಸಿಪ್ಪೆನೇ ಕಪ್ಪಾಗುತ್ತೆ, ಕೆಲವರ ತುಟಿ, ಕೈ ಸುಟ್ಟು ಗಾಯ ಆಗುತ್ತೆ, ಅಷ್ಟು ಖಾರ ಅದು. ಅದಕ್ಕೇ ಇದನ್ನ ನೋಡಿದ ದಿನಾನೇ ತೆಗೆಯೋದು ಒಳ್ಳೇದು. ಈಗ ಒಣಗಿದೆಯಲ್ಲ, ಮೊದಲು ಅದೇ ಥರ ಎಣ್ಣೆ ಹಚ್ಚಿ ಮೆತ್ತಗೆ ಮಾಡಿ. ಉಳಿದದ್ದಕ್ಕೆ ಮೆಡಿಕಲ್ ಶಾಪಲ್ಲಿ ಸಿಗೋ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ, 70 ಪರ್ಸೆಂಟ್‌ದು ಸಾಕು. ಮೊದಲು ಬಾಗಿಲು ತೆಗೆದು ಒಳಗಡೆ ಕಾಣದ ಜಾಗದಲ್ಲಿ ಹಚ್ಚಿ ನೋಡಿ, ಬಟ್ಟೆಗೆ ಬಣ್ಣ ಬರ್ಲಿಲ್ಲ ಅಂದ್ರೆ ಧೈರ್ಯವಾಗಿ ಮುಂದುವರಿಸಿ. ಬಟ್ಟೆ ಒದ್ದೆ ಮಾಡಿ ಹನಿ ಮೇಲೆ ಅರ್ಧ ನಿಮಿಷ ಇಟ್ಟು ಒರೆಸಿ, ಕೂಡಲೇ ನೀರು ಹಾಕಿ. ಸೀಮೆಎಣ್ಣೇಲೂ ಅಂಟು ಬಿಡುತ್ತೆ ನಿಜ, ಆದ್ರೆ ಕಿಟಕಿ ರಬ್ಬರಿಗೆ ಅದು ಒಳ್ಳೇದಲ್ಲ, ಕೊಬ್ಬರಿ ಎಣ್ಣೆ ಮನೇಲಿರುವಾಗ ಅದ್ಯಾಕೆ ಬೇಕು. ಪೆಟ್ರೋಲು, ಥಿನ್ನರ್ ಹೆಡ್‌ಲೈಟ್ ಹತ್ರಾನೂ ಒಯ್ಯಬೇಡಿ, ಆ ಪ್ಲಾಸ್ಟಿಕ್ ಮಬ್ಬಾಗಿ ಬಿರುಕು ಬಿಡುತ್ತೆ.

ಎಲ್ಲಾ ಆದ್ಮೇಲೆ ಒಂದು ಕೋಟ್ ವ್ಯಾಕ್ಸ್ ಹಾಕಿ. ಎಣ್ಣೆ, ಆಲ್ಕೋಹಾಲ್ ಹಳೇ ವ್ಯಾಕ್ಸನ್ನೂ ತೆಗೆದುಬಿಟ್ಟಿರುತ್ತೆ, ಹೊಸದು ಇದ್ರೆ ಮುಂದಿನ ಸಲ ಸೊನೆ ಬಿದ್ದಾಗ ಪೇಂಟಿಗೆ ನೇರ ತಾಗಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ಆಫೀಸ್ ಮುಂದೆ ದೊಡ್ಡ ರೇನ್ ಟ್ರೀ ಕೆಳಗೆ ಕಾರು ನಿಲ್ಲಿಸ್ತೀನಿ. ಸಂಜೆ ಹೊತ್ತಿಗೆ ಗಾಜಿನ ತುಂಬಾ ಸಾಸಿವೆ ಗಾತ್ರದ ಅಂಟು ಹನಿ, ವೈಪರ್ ಹಾಕಿದ್ರೆ ಇನ್ನೂ ಮಸುಕಾಗುತ್ತೆ. ಇದಕ್ಕೂ ಆಲ್ಕೋಹಾಲ್ ಹಾಕಬಹುದಾ?

ಉತ್ತರ: ಬೇಕಾಗಿಲ್ಲ ಸರ್. ಇಷ್ಟು ಸಣ್ಣ ಹನಿ ಮಳೆ ಥರ ಸಮವಾಗಿ ಬಿದ್ದಿದ್ರೆ ಬಹುತೇಕ ಅದು ಮರದ ಅಂಟಲ್ಲ, ಮರದ ಮೇಲಿರೋ ಹುಳುಗಳದ್ದು. ಈ ಹುಳುಗಳು ಎಲೆ, ಚಿಗುರಿನ ರಸ ಹೀರಿ, ಮೈಗೆ ಹೆಚ್ಚಾದ ಸಕ್ಕರೆ ನೀರನ್ನ ಹೊರಗೆ ಬಿಡ್ತವೆ. ಮಾವು ಬೆಳೆಯೋರಿಗೆ ಇದು ಚೆನ್ನಾಗಿ ಗೊತ್ತು, ಹೂ ಬಿಡೋ ಕಾಲದಲ್ಲಿ ಜಿಗಿಹುಳು ಬಂದ್ರೆ ಎಲೆಯೆಲ್ಲಾ ಅಂಟಂಟಾಗಿ ಆಮೇಲೆ ಅದರ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತೆ. ಸಕ್ಕರೆ ಆಗಿರೋದ್ರಿಂದ ಬೆಚ್ಚಗಿನ ನೀರಿಗೆ ಕರಗುತ್ತೆ. ಟವೆಲ್ ಒದ್ದೆ ಮಾಡಿ ಗಾಜಿನ ಮೇಲೆ ಐದು ನಿಮಿಷ ಹಾಸಿ, ಆಮೇಲೆ ಶಾಂಪೂ ನೀರಲ್ಲಿ ಒರೆಸಿ. ವೈಪರ್ ಎತ್ತಿ ಅದರ ರಬ್ಬರನ್ನೂ ಒರೆಸಿ, ನಿಮಗೆ ಮಸುಕಾಗ್ತಿರೋದು ಅದರಲ್ಲಿ ಮೆತ್ಕೊಂಡ ಅಂಟಿಂದ. ಒಣ ಗಾಜಿನ ಮೇಲೆ ವೈಪರ್ ಆಡಿಸಲೇಬೇಡಿ.

ಬೇವು, ಜಾಲಿ ಮರದ ಗೋಂದಿಗೂ ನೀರೇ ಮದ್ದು, ಒದ್ದೆ ಬಟ್ಟೆ ಹಾಕಿಟ್ರೆ ಉಬ್ಬಿ ಮೆತ್ತಗಾಗಿ ತಾನಾಗೇ ಬರುತ್ತೆ. ಗೋಂದಿಗೆ ಆಲ್ಕೋಹಾಲ್ ಹಾಕಿದ್ರೆ ಅದು ಕರಗಲ್ಲ, ಇನ್ನೂ ಗಟ್ಟಿಯಾಗುತ್ತೆ.

ಪ್ರಶ್ನೆ: ಅಂಟೇನೋ ಹೋಯ್ತು, ಆದ್ರೆ ಬಿದ್ದ ಜಾಗದಲ್ಲಿ ಉಂಗುರದ ಥರ ಗುರುತು ಉಳಿದಿದೆ. ರೀಪೇಂಟ್ ಮಾಡಿಸ್ಬೇಕಾ? ಮುಂದೆ ಕವರ್ ಹಾಕಿದ್ರೆ ಸರಿಹೋಗುತ್ತಾ?

ಉತ್ತರ: ಉಗುರನ್ನ ಮೆಲ್ಲಗೆ ಅದರ ಮೇಲೆ ಆಡಿಸಿ ನೋಡಿ. ತಡೆಯದೆ ಜಾರಿದ್ರೆ ನುಣುಪಾದ ಪಾಲಿಶ್ ಹಾಕಿ ಕೈಯಲ್ಲೇ ಉಜ್ಜಿ, ಎಷ್ಟೋ ಸಲ ಹೋಗುತ್ತೆ. ಉಗುರು ಸಿಕ್ಕಿದ್ರೆ ಒಳಗೆ ತಿಂದಿದೆ ಅಂತರ್ಥ, ಒಳ್ಳೇ ಡಿಟೇಲಿಂಗ್ ಅಂಗಡೀಲಿ ತೋರಿಸಿ, ರೀಪೇಂಟ್ ಕೊನೇ ಮಾತು. ಕವರ್ ಹಾಕಿ, ಆದ್ರೆ ಕಾರು ತೊಳೆದು ಒಣಗಿಸಿದ ಮೇಲೆ ಮಾತ್ರ. ಧೂಳಿನ ಮೇಲೆ ಕವರ್ ಎಳೆದ್ರೆ ಗಾಳಿಗೆ ಅಲುಗಾಡಿ ಮೈತುಂಬಾ ಸಣ್ಣ ಗೀರು ಬೀಳುತ್ತೆ, ಮತ್ತೆ ಅಂಟು ಕುಡಿದ ಕವರನ್ನ ಹಾಗೇ ಮಡಚಿ ಡಿಕ್ಕೀಲಿ ಇಟ್ರೆ ಒಳಮೈಗೂ ಅಂಟುತ್ತೆ, ಅದನ್ನೂ ಆಗಾಗ ಒಗೀರಿ.