ಸಂಗೀತ ನಿರ್ಮಾಣದ ಸಮ್ಮೇಳನಕ್ಕೆ ಪ್ರಬಂಧ ಕಳಿಸೋಕೆ ಪಿಎಚ್‌ಡಿ ಬೇಕಾ?

ಚಿತ್ರದುರ್ಗದ ಕಡೆ ಉರುಮೆ (ಎರಡು ಮುಖದ ಚರ್ಮವಾದ್ಯ) ಮೇಳ ರೆಕಾರ್ಡ್ ಮಾಡಿದ್ದೀರಿ, ಅದರ ಮೇಲೆ ಪ್ರಬಂಧ ಕಳಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕಳಿಸಿ. 2005ರಲ್ಲಿ ಲಂಡನ್‌ನಲ್ಲಿ ಶುರುವಾದ 'ಆರ್ಟ್ ಆಫ್ ರೆಕಾರ್ಡ್ ಪ್ರೊಡಕ್ಷನ್' ತರಹದ ಸಮ್ಮೇಳನಗಳಲ್ಲಿ ಸ್ಟುಡಿಯೋ ಕೆಲಸದವರೂ ಮಾತಾಡುತ್ತಾರೆ. ಡಿಗ್ರಿಗಿಂತ ನಿಮ್ಮ ಪ್ರಬಂಧ ಎತ್ತುವ ಪ್ರಶ್ನೆ ಮುಖ್ಯ.

ಸಾಮಾನ್ಯವಾಗಿ ಮೊದಲು ಕೇಳೋದು ಚಿಕ್ಕ ಸಾರಾಂಶ. ಅದರಲ್ಲಿ ಸುಮ್ನೆ 'ನಮ್ಮ ಕಲೆ ಉಳಿಸಬೇಕು' ಅಂತ ಬರೆದರೆ, ಪ್ರಬಂಧ ಓದಿ ತೂಗಿ ನೋಡುವ ವಿಮರ್ಶಕರಿಗೆ ಹಿಡಿಯೋಕೆ ಏನೂ ಸಿಗಲ್ಲ. ಉರುಮೆಯ ಒಂದು ಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ, ಇನ್ನೊಂದನ್ನು ಬಡಿಯುತ್ತಾರೆ, ಅಲ್ವಾ? ಆ ಉಜ್ಜಿನ ಗುಂಯ್ ಸದ್ದು ಒಂದೇ ಮೈಕ್‌ಗೆ ಹೇಗೆ ಬಂತು, ಎರಡು ಮೈಕ್ ಇಟ್ಟಾಗ ಏನು ಬದಲಾಯ್ತು, ಮಿಕ್ಸ್‌ನಲ್ಲಿ ಯಾವುದನ್ನು ಉಳಿಸಿಕೊಂಡಿರಿ, ಯಾಕೆ? ಇದನ್ನೇ ಬರೆಯಿರಿ.

ಎಷ್ಟೋ ಕಡೆ ವಿಮರ್ಶಕರಿಗೆ ನಿಮ್ಮ ಹೆಸರು ಗೊತ್ತಾಗಬಾರದು. ಪಿಡಿಎಫ್‌ನ ಪ್ರಾಪರ್ಟೀಸ್ (ಬರೆದವರ ಹೆಸರು ಅಡಗಿರಬಹುದಾದ ಫೈಲ್ ವಿವರ), ಆಡಿಯೋ ಫೈಲಿನ ಹೆಸರು ಎರಡನ್ನೂ ನೋಡಿಕೊಳ್ಳಿ. ರೆಕಾರ್ಡಿಂಗ್ ಶುರುವಲ್ಲಿ ಯಾರೋ ನಿಮ್ಮ ಹೆಸರು ಕೂಗಿದ್ದರೆ ಅದನ್ನೂ ಕತ್ತರಿಸಿ!

ವಿಮರ್ಶಕರು 'ತಿದ್ದಿ ಕಳಿಸಿ' ಅಂದರೆ ಅದು ತಿರಸ್ಕಾರ ಅಲ್ಲ. ಒಂದೊಂದು ಟೀಕೆಗೂ ಏನು ಬದಲಿಸಿದಿರಿ ಅಂತ ಉತ್ತರ ಬರೆಯಿರಿ. ಒಪ್ಪದಿದ್ದರೆ ಕಾರಣ ಕೊಡಿ. ಸಮ್ಮೇಳನದ ಶುಲ್ಕ ಜಾಸ್ತಿ ಇರಬಹುದು. ಆನ್‌ಲೈನ್‌ನಲ್ಲಿ ಮಂಡಿಸೋಕೆ ಬಿಡುತ್ತಾರಾ ಅಂತ ಕಳಿಸುವ ಮುಂಚೆಯೇ ಕೇಳಿ.