ಒಂದೇ ಸ್ಲೈಡ್‌ನಲ್ಲಿ ನೇರಳೆ, ಗುಲಾಬಿ ಎರಡೂ ಬಂದರೆ ಲೆನ್ಸ್ ಬದಲಾಯಿಸಬೇಡಿ

ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ, ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಅಭ್ಯಾಸಕ್ಕೆ ತಂದ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಕಡ್ಡಿಯಾಕಾರದ ಬ್ಯಾಕ್ಟೀರಿಯಾ, ಅದನ್ನು ಬೆಳೆಸಿದ ನಾಲ್ಕು ದಿನದ ಪ್ಲೇಟ್, ಬ್ಯಾಕ್ಟೀರಿಯಾವನ್ನು ಬಣ್ಣದಿಂದ ಎರಡು ಗುಂಪಾಗಿ ವಿಂಗಡಿಸುವ ಗ್ರಾಂ ಸ್ಟೇನ್ ಮಾಡಿದ್ದೀರಿ. ಅರ್ಧ ಕಡ್ಡಿಗಳು ನೇರಳೆ, ಅರ್ಧ ಗುಲಾಬಿ. ಕೆಲವು ಕಡ್ಡಿಗಳೊಳಗೆ ಬಣ್ಣ ಹಿಡಿಯದ ಬಿಳಿ ಜಾಗ ಇದೆ, ಅದು ಕ್ಯಾಪ್ಸೂಲ್, ಅಂದರೆ ಬ್ಯಾಕ್ಟೀರಿಯಾದ ಲೋಳೆ ಹೊದಿಕೆ, ಅಲ್ವಾ ಎಂದು ಕೇಳಿದ್ದೀರಿ. ಈಜಲು ಬಳಸುವ ಎಳೆಗಳಾದ ಫ್ಲಜೆಲ್ಲಾ ಒಂದೂ ಕಾಣಲಿಲ್ಲ, ಹೊಸ ಲೆನ್ಸ್ ಕೊಳ್ಳಬೇಕಾ ಎಂದೂ ಕೇಳಿದ್ದೀರಿ.

ಲೆನ್ಸ್ ಬೇಡ. ನಿಮ್ಮ ಲೆನ್ಸ್ ಚೆನ್ನಾಗಿಯೇ ಇದೆ. ಪ್ಲೇಟ್ ಹಳೆಯದಾಗಿದೆ, ಅಷ್ಟೇ.

ಮೊದಲು ಬಣ್ಣದ ವಿಷಯ. ಬ್ಯಾಕ್ಟೀರಿಯಾದ ಗೋಡೆ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತುವಿನದು. ಎರಡು ಬಗೆಯ ಸಕ್ಕರೆಗಳು ಒಂದಾದ ಮೇಲೊಂದು ಸೇರಿದ ಉದ್ದನೆಯ ಎಳೆಗಳು, ಆ ಎಳೆಗಳನ್ನು ಅಡ್ಡಡ್ಡವಾಗಿ ಹಿಡಿದಿಡುವ ಚಿಕ್ಕ ಪೆಪ್ಟೈಡ್ ಕೊಂಡಿಗಳು. ಇಡೀ ಕೋಶವನ್ನು ಸುತ್ತಿದ ಬಲೆಯ ಚೀಲ ಅಂದುಕೊಳ್ಳಿ. ಒಳಗಿನ ನೀರಿನ ಒತ್ತಡಕ್ಕೆ ಕೋಶ ಒಡೆಯದಂತೆ ತಡೆಯುವುದು ಈ ಚೀಲವೇ. ಪೆನಿಸಿಲಿನ್ ಆ ಅಡ್ಡ ಕೊಂಡಿಗಳು ಕಟ್ಟಿಕೊಳ್ಳದಂತೆ ಮಾಡುತ್ತದೆ. ಆಗ ಬೆಳೆಯುತ್ತಿರುವ ಕೋಶ ತನ್ನ ಒತ್ತಡಕ್ಕೇ ಒಡೆದುಹೋಗುತ್ತದೆ. ನಮ್ಮ ಕಣ್ಣೀರಿನಲ್ಲಿರುವ ಲೈಸೊಜೈಮ್ ಸಕ್ಕರೆಯ ಎಳೆಯನ್ನೇ ಕತ್ತರಿಸುತ್ತದೆ.

ಗ್ರಾಂ ಪಾಸಿಟಿವ್, ಅಂದರೆ ಗ್ರಾಂ ಸ್ಟೇನ್‌ನಲ್ಲಿ ನೇರಳೆಯಾಗಿ ಉಳಿಯುವ ಕೋಶದಲ್ಲಿ ಈ ಬಲೆ ಹಲವು ಪದರ, ಸುಮಾರು 20ರಿಂದ 80 ನ್ಯಾನೊಮೀಟರ್ ದಪ್ಪ. ಟೈಕೋಯಿಕ್ ಆಮ್ಲದ ಸರಪಳಿಗಳು ಅದರ ನಡುವೆ ಹಾದು ಹೊರಗೂ ಚಾಚಿರುತ್ತವೆ. ಗುಲಾಬಿ ಆಗುವ ಗ್ರಾಂ ನೆಗೆಟಿವ್‌ನಲ್ಲಿ ಬಲೆ ಕೆಲವೇ ನ್ಯಾನೊಮೀಟರ್. ಅದರ ಹೊರಗೆ ಇನ್ನೊಂದು ಪೊರೆ ಇದೆ, ಆ ಪೊರೆಯ ಹೊರಮೈ ತುಂಬಾ ಲಿಪೊಪಾಲಿಸ್ಯಾಕರೈಡ್. ಸೋಂಕು ರಕ್ತಕ್ಕೆ ಇಳಿದಾಗ ಜೋರು ಜ್ವರ ಬರಿಸುವ ಎಂಡೋಟಾಕ್ಸಿನ್ ಅಂದರೆ ಇದೇ.

ಈಗ ನೀವು ಸ್ಲೈಡ್ ಮೇಲೆ ಮಾಡಿದ್ದನ್ನು ನೆನಪಿಸಿಕೊಳ್ಳಿ. ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್ ಎರಡು ಬಗೆಯ ಕೋಶಕ್ಕೂ ಹೋಗುತ್ತದೆ. ಅಯೋಡಿನ್ ಸೇರಿದ ಮೇಲೆ ಬಣ್ಣದ ಕಣ ದಪ್ಪ ಆಗುತ್ತದೆ. ಆಮೇಲೆ ಆಲ್ಕೋಹಾಲ್. ಅದು ದಪ್ಪ ಬಲೆಯ ನೀರು ಹೀರಿ ಬಿಗಿ ಮಾಡುತ್ತದೆ, ಬಣ್ಣ ಒಳಗೇ ಸಿಕ್ಕಿಕೊಳ್ಳುತ್ತದೆ. ಗ್ರಾಂ ನೆಗೆಟಿವ್‌ನಲ್ಲಿ ಅದೇ ಆಲ್ಕೋಹಾಲ್ ಹೊರಪೊರೆಯ ಕೊಬ್ಬನ್ನು ಕರಗಿಸುತ್ತದೆ, ತೆಳು ಬಲೆಗೆ ಬಣ್ಣ ತಡೆಯುವ ಶಕ್ತಿ ಇಲ್ಲ. ಅದು ತೊಳೆದುಹೋದ ಮೇಲೆ ಕೊನೆಗೆ ಹಾಕುವ ಸಾಫ್ರನಿನ್‌ನ ಗುಲಾಬಿ ಕಾಣುತ್ತದೆ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಈ ವಿಧಾನ ಪ್ರಕಟಿಸಿದಾಗ ಗೋಡೆಯ ಈ ವ್ಯತ್ಯಾಸ ಯಾರಿಗೂ ಗೊತ್ತಿರಲಿಲ್ಲ. ಶ್ವಾಸಕೋಶದ ಅಂಗಾಂಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಲಿ ಎಂಬುದಷ್ಟೇ ಅವರ ಉದ್ದೇಶವಾಗಿತ್ತು. ಗುಲಾಬಿ ಬಣ್ಣದ ಹಂತ ಸೇರಿದ್ದು ಆಮೇಲೆ.

ಅಂದರೆ ನೇರಳೆ ಬಣ್ಣ ಹೇಳುವುದು ಗೋಡೆ ಈಗ ಗಟ್ಟಿಯಾಗಿದೆ ಎಂದು. ಜಾತಿಯ ಹೆಸರನ್ನು ಅದು ಹೇಳುವುದಿಲ್ಲ. ಬ್ಯಾಸಿಲಸ್ ಗ್ರಾಂ ಪಾಸಿಟಿವ್ ಆದರೂ ಅದರ ಕೋಶಗಳಿಗೆ ವಯಸ್ಸಾದಂತೆ ಗೋಡೆ ಸಡಿಲಾಗುತ್ತದೆ, ಸತ್ತ ಕೋಶಗಳೂ ಜಾಸ್ತಿ ಆಗುತ್ತವೆ. ಅವು ಬಣ್ಣ ಬಿಟ್ಟುಕೊಡುತ್ತವೆ. ನಿಮ್ಮ ನಾಲ್ಕು ದಿನದ ಪ್ಲೇಟ್‌ನಲ್ಲಿ ಆಗಿರುವುದು ಇದೇ. 18ರಿಂದ 24 ಗಂಟೆ ಬೆಳೆಸಿದ ಕಲ್ಚರ್ ತೆಗೆದುಕೊಳ್ಳಿ. ಸ್ಲೈಡ್ ಮೇಲೆ ಹಚ್ಚುವ ಸ್ಮಿಯರ್ ತೆಳುವಾಗಿರಲಿ, ಗಾಜಿನ ಹಿಂದೆ ಇಟ್ಟ ಅಕ್ಷರ ಓದಲು ಬರಬೇಕು. ಬೆಂಕಿಯ ಮೇಲೆ ಸ್ಲೈಡನ್ನು ಎರಡು ಮೂರು ಸಲ ಹಾಯಿಸಿದರೆ ಸಾಕು, ಜಾಸ್ತಿ ಕಾಯಿಸಿದರೆ ಗೋಡೆ ಹಾಳಾಗುತ್ತದೆ. ಆಲ್ಕೋಹಾಲ್ ಬಾಟಲಿ ಬೆಂಕಿಯಿಂದ ದೂರ ಇರಲಿ. ಹೆಚ್ಚಿನವರು ಎಡವುವುದು ಆಲ್ಕೋಹಾಲ್ ಹಾಕುವ ಹೊತ್ತಿನಲ್ಲೇ. ಸ್ಲೈಡ್ ಓರೆ ಹಿಡಿದು ಹನಿ ಹನಿಯಾಗಿ ಬಿಡಿ, ಇಳಿಯುವ ಆಲ್ಕೋಹಾಲ್‌ಗೆ ಬಣ್ಣ ಬರುವುದು ನಿಂತ ಕ್ಷಣ ನೀರಿನಲ್ಲಿ ತೊಳೆದುಬಿಡಿ. ತೆಳು ಸ್ಮಿಯರ್‌ಗೆ ಹತ್ತಿಪ್ಪತ್ತು ಸೆಕೆಂಡ್ ಮೀರಬಾರದು.

ಗ್ರಾಂ ಪಾಸಿಟಿವ್ ಹೌದೋ ಅಲ್ಲವೋ ಎಂಬ ಅನುಮಾನ ಉಳಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪರೀಕ್ಷೆ ಇದೆ. ನನಗೆ ಇದು ತುಂಬಾ ಇಷ್ಟ, ಏಕೆಂದರೆ ಗೋಡೆ ಒಡೆಯುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. 3% ದ್ರಾವಣದ ಒಂದು ಹನಿಯಲ್ಲಿ ಸ್ವಲ್ಪ ಕಾಲೊನಿ ಕಲಸಿ, ಒಂದು ನಿಮಿಷದೊಳಗೆ ಲೂಪ್ (ತುದಿ ಬಳೆಯಂತಿರುವ ತಂತಿ) ಮೇಲೆತ್ತಿ. ಗ್ರಾಂ ನೆಗೆಟಿವ್ ಆದರೆ ಗೋಡೆ ಒಡೆದು ಡಿಎನ್‌ಎ ಹೊರಗೆ ಬರುತ್ತದೆ, ಲೂಪ್ ಜೊತೆ ಅಂಟು ನೂಲಿನಂತೆ ಏಳುತ್ತದೆ. ನಿಮ್ಮ ಬ್ಯಾಸಿಲಸ್‌ಗೆ ಹನಿ ನೀರಾಗಿಯೇ ಉಳಿಯಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಈ ದ್ರಾವಣ ಚರ್ಮವನ್ನೂ ಸುಡುತ್ತದೆ.

ಇನ್ನು ಬಿಳಿ ಜಾಗ. ಅದು ಕಡ್ಡಿಯ ಒಳಗಿದೆ ಅಲ್ವಾ? ಕ್ಯಾಪ್ಸೂಲ್ ಯಾವತ್ತೂ ಗೋಡೆಯ ಹೊರಗಿನ ಹೊದಿಕೆ. ನೀವು ನೋಡಿದ್ದು ಎಂಡೋಸ್ಪೋರ್. ಆಹಾರ ಮುಗಿದ ಮೇಲೆ ಬ್ಯಾಸಿಲಸ್ ತನ್ನೊಳಗೆ ಕಟ್ಟಿಕೊಳ್ಳುವ ಗಟ್ಟಿ ಬೀಜಕ. ಅದರ ಕವಚ ಸಾಮಾನ್ಯ ಬಣ್ಣವನ್ನು ಒಳಗೆ ಬಿಡುವುದಿಲ್ಲ. ಆವಿಯಲ್ಲಿ ಬಿಸಿ ಮಾಡುತ್ತಾ ಮ್ಯಾಲಕೈಟ್ ಗ್ರೀನ್ ಹಾಕಿ, ನೀರಿನಲ್ಲಿ ತೊಳೆದು, ಸಾಫ್ರನಿನ್ ಕೊಟ್ಟರೆ ಬೀಜಕ ಹಸಿರು, ಕೋಶ ಗುಲಾಬಿ. ಸುಮ್ನೆ ಕುದಿಸಿದರೆ ಇವು ಸಾಯುವುದಿಲ್ಲ. ಆದ್ದರಿಂದ ಪ್ಲೇಟ್ ಬಿಸಾಡುವ ಮುಂಚೆ ಪ್ರೆಶರ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆ ಎಂದರೆ 15 ನಿಮಿಷ ಇಡಿ. ಇದೊಂದನ್ನು ದಯವಿಟ್ಟು ಮರೆಯಬೇಡಿ.

ಕ್ಯಾಪ್ಸೂಲ್ ನೋಡುವ ಆಸೆ ಇದ್ದರೆ ದಾರಿ ಬೇರೆ. ಕ್ಯಾಪ್ಸೂಲ್ ಹೆಚ್ಚಾಗಿ ನೀರು ತುಂಬಿದ ಸಕ್ಕರೆಯ ಲೋಳೆ, ಕಾಯಿಸಿದರೆ ಕುಗ್ಗುತ್ತದೆ. ಇಂಡಿಯಾ ಇಂಕ್‌ನ ಹನಿಯಲ್ಲಿ ಹಸಿಯಾಗಿಯೇ ಕಲಸಿ ಕವರ್‌ಸ್ಲಿಪ್ ಇಡಿ. ಹಿನ್ನೆಲೆ ಕಪ್ಪಾಗುತ್ತದೆ, ಕೋಶದ ಸುತ್ತ ತಿಳಿ ಬಳೆ ಉಳಿಯುತ್ತದೆ. ಬಿಳಿರಕ್ತಕಣಗಳು ಹಿಡಿದು ನುಂಗದಂತೆ ಈ ಲೋಳೆ ಬ್ಯಾಕ್ಟೀರಿಯಾವನ್ನು ಕಾಯುತ್ತದೆ. ಆದರೆ ಕ್ಯಾಪ್ಸೂಲ್ ನೋಡಲೆಂದು ಎಲ್ಲಿಂದಲೋ ಗುರುತಿಲ್ಲದ ಬ್ಯಾಕ್ಟೀರಿಯಾ ತಂದು ಬೆಳೆಸಬೇಡಿ. ದಪ್ಪ ಕ್ಯಾಪ್ಸೂಲ್ ಇರುವ ಹಲವು ಬಗೆಗಳು ರೋಗ ತರುವಂಥವು.

ಫ್ಲಜೆಲ್ಲಾ ಕಾಣದಿದ್ದಕ್ಕೆ ಬೇಸರ ಬೇಡ. ಒಂದೊಂದರ ದಪ್ಪ ಸುಮಾರು 20 ನ್ಯಾನೊಮೀಟರ್. ಬೆಳಕಿನ ಮೈಕ್ರೋಸ್ಕೋಪ್ ಬಿಡಿಸಿ ತೋರಿಸುವುದು ಸುಮಾರು 200ರವರೆಗೆ. ಯಾವ ಲೆನ್ಸ್ ಹಾಕಿದರೂ ಈ ಮಿತಿ ಇದ್ದೇ ಇದೆ. ಟ್ಯಾನಿಕ್ ಆಮ್ಲ ಬಳಸುವ ಫ್ಲಜೆಲ್ಲಾ ಸ್ಟೇನ್ ಎಳೆಯ ಮೇಲೆ ಪದರ ಕಟ್ಟಿ ಅದನ್ನು ದಪ್ಪ ಮಾಡುತ್ತದೆ. ಆದರೆ ಸ್ವಲ್ಪ ಜೋರಾಗಿ ಕಲಸಿದರೂ ಎಳೆಗಳು ಮುರಿದುಹೋಗುತ್ತವೆ. ಮೈಮೇಲಿನ ಚಿಕ್ಕ ಕೂದಲಿನಂಥ ಪಿಲೈ ಇನ್ನೂ ತೆಳು, ಅವಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು.

ಆದ್ದರಿಂದ ಎಳೆಯನ್ನು ಬಿಡಿ, ಅದು ಮಾಡುವ ಕೆಲಸ ನೋಡಿ. ದ್ರವದಲ್ಲಿ ಬೆಳೆಸಿದ ಹೊಸ ಕಲ್ಚರ್‌ನ ಹನಿಯನ್ನು ಕವರ್‌ಸ್ಲಿಪ್ ಮೇಲಿಟ್ಟು, ಅಂಚಿಗೆ ವ್ಯಾಸಲಿನ್ ಹಚ್ಚಿ, ಕುಳಿ ಇರುವ ಸ್ಲೈಡ್ ಮೇಲೆ ತಲೆಕೆಳಗಾಗಿ ತೂಗುಬಿಡಿ. ಕಂಡೆನ್ಸರ್‌ನ ಡಯಾಫ್ರಾಂ ಕಿರಿದು ಮಾಡಿ, 40 ಪಟ್ಟು ದೊಡ್ಡದು ಮಾಡುವ ಲೆನ್ಸ್ ಸಾಕು. ಇದ್ದಲ್ಲೇ ನಡುಗುತ್ತಿದ್ದರೆ ಅದು ನೀರಿನ ಕಣಗಳ ತಳ್ಳಾಟ. ಎಲ್ಲವೂ ಒಂದೇ ಕಡೆ ತೇಲುತ್ತಿದ್ದರೆ ದ್ರವ ಹರಿಯುತ್ತಿದೆ. ಒಂದು ಕಡ್ಡಿ ನೇರವಾಗಿ ಓಡಿ, ಗಕ್ಕನೆ ನಿಂತು ಹೊರಳಿ, ಬೇರೆ ದಿಕ್ಕಿಗೆ ಹೊರಟರೆ ಅದು ಫ್ಲಜೆಲ್ಲಾ ಕೆಲಸ. ಮೈತುಂಬಾ ಇರುವ ಎಳೆಗಳು ಒಟ್ಟಾಗಿ ಜುಟ್ಟಿನಂತೆ ಸುತ್ತಿ ತಿರುಗುವಾಗ ಓಟ, ಜುಟ್ಟು ಬಿಚ್ಚಿದಾಗ ಹೊರಳು. ಇದನ್ನು ಮೊದಲ ಸಲ ನೋಡಿದ ದಿನ ನಾನು ಒಂದು ಗಂಟೆ ಕುರ್ಚಿಯಿಂದ ಎದ್ದಿರಲಿಲ್ಲ.

ಮುಂದಿನ ಸಲ ಒಂದೇ ಸ್ಲೈಡ್‌ನ ಒಂದು ತುದಿಗೆ ಹೊಸ ಕಲ್ಚರ್, ಇನ್ನೊಂದು ತುದಿಗೆ ಈಗಿನ ಹಳೆಯದು ಹಾಕಿ ಒಟ್ಟಿಗೇ ಸ್ಟೇನ್ ಮಾಡಿ. ಫೋಟೋ ಹಾಕುವಾಗ ಕಲ್ಚರ್‌ಗೆ ಎಷ್ಟು ಗಂಟೆ, ಆಲ್ಕೋಹಾಲ್ ಎಷ್ಟು ಸೆಕೆಂಡ್ ಎಂದು ಬರೆಯಿರಿ, ನೋಡಿ ಹೇಳುತ್ತೇನೆ.