ಬ್ರಿಟನ್ನಿನ ಹಳೇ ಪಬ್‌ಗಳು ಒಂದೊಂದಾಗಿ ಮುಚ್ಚುತ್ತಿರುವುದೇಕೆ?

2000ರಲ್ಲಿ ಅಲ್ಲಿ ಸುಮಾರು 60 ಸಾವಿರ ಪಬ್‌ಗಳಿದ್ದವು, ಈಗ 45 ಸಾವಿರದ ಆಸುಪಾಸು. ಜನ ಕುಡಿಯುವುದು ಕಡಿಮೆಯಾಗಿದೆ, ಅದರಲ್ಲೂ ಯುವಕರು ಹಿರಿಯರಷ್ಟು ಕುಡಿಯುತ್ತಿಲ್ಲ, ನಿಜ. ಆದರೆ ನನ್ನ ಪ್ರಕಾರ ದೊಡ್ಡ ಪೆಟ್ಟು ಕೊಟ್ಟದ್ದು ಮಾಲೀಕತ್ವ. ದೊಡ್ಡ ಬಿಯರ್ ತಯಾರಕರ ಹಿಡಿತ ಸಡಿಲಿಸಲೆಂದು 1989ರಲ್ಲಿ ಸರ್ಕಾರ ಅವರ ಪಬ್‌ಗಳ ಸಂಖ್ಯೆಗೆ ಮಿತಿ ಹಾಕಿತು. ಅವರು ಮಾರಿದ್ದನ್ನು ಸಾಲ ಎತ್ತಿ ಸಾವಿರಗಟ್ಟಲೆ ಕೊಂಡದ್ದು ಪಬ್ ಕಂಪನಿಗಳು. ಪಬ್ ನಡೆಸುವವನು ಬಾಡಿಗೆಯನ್ನೂ ಕಟ್ಟಬೇಕು, ಬಿಯರನ್ನೂ ಕಂಪನಿ ಹೇಳಿದ ದರಕ್ಕೇ ಕೊಳ್ಳಬೇಕು. ಅವನ ಕೈಯಲ್ಲಿ ಉಳಿಯುವುದಾದರೂ ಏನು? ಜಾಗಕ್ಕೆ ಬೆಲೆ ಬಂದ ಕಡೆ ಎಷ್ಟೋ ಪಬ್‌ಗಳು ಮನೆಗಳಾದವು.

ಇತ್ತ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಯರ್ ಅಗ್ಗ. 2007ರಿಂದ ಇಂಗ್ಲೆಂಡಿನ ಪಬ್‌ಗಳೊಳಗೆ ಸಿಗರೇಟು ಸೇದುವಂತಿಲ್ಲ. ಕಾನೂನು ಸರಿಯೇ, ಆದರೆ ಊಟವಿಲ್ಲದೆ ಬರೀ ಬಿಯರ್ ಮಾರುತ್ತಿದ್ದವರಿಗೆ ಅದು ತಟ್ಟಿತು. ಆಮೇಲೆ ಕೋವಿಡ್, ವಿದ್ಯುತ್ ಬಿಲ್.

ಹಳ್ಳಿಯಲ್ಲಿ ಪಬ್ ಮುಚ್ಚಿದರೆ ಒಂಟಿಯಾಗಿರುವ ಹಿರಿಯರಿಗೆ ನಾಲ್ಕು ಮಾತಾಡಲು ಜಾಗವೇ ಇಲ್ಲದಂತಾಗುತ್ತದೆ. ಅದಕ್ಕೇ ಉತ್ತರ ಇಂಗ್ಲೆಂಡಿನ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಊರಿನವರು 2003ರಲ್ಲಿ ಸಹಕಾರಿ ಸಂಘ ಕಟ್ಟಿ ‘ಓಲ್ಡ್ ಕ್ರೌನ್’ ಪಬ್ಬನ್ನು ತಾವೇ ಕೊಂಡರು. 2011ರ ಕಾನೂನಿನಡಿ, ಊರಿಗೆ ಬೇಕಾದ ಆಸ್ತಿಯೆಂದು ಸ್ಥಳೀಯ ಆಡಳಿತ ತನ್ನ ಪಟ್ಟಿಯಲ್ಲಿ ಸೇರಿಸಿದ ಪಬ್ ಮಾರಾಟಕ್ಕೆ ಬಂದರೆ ಹಣ ಹೊಂದಿಸಲು ಊರವರಿಗೆ ಆರು ತಿಂಗಳು ಸಿಗುತ್ತದೆ.